ಅಂಚಿನವರೆಗೆ ತುಂಬಿದ ಲೋಟ

ನಿನ್ನೆ ಮಧ್ಯಾಹ್ನ ಅಕ್ಕನಿಗೆ ನೀರು ಕೊಡಲೆಂದು ಅಡಿಗೆಮನೆಯ ಮೇಲಿನ ಹಲಗೆಯಿಂದ ಒಂದು ಹಿತ್ತಾಳೆ ಲೋಟವನ್ನು ಇಳಿಸಿದೆ. ಸ್ಟೀಲಿನ ಲೋಟಗಳೆಲ್ಲ ತೊಳೆಯಲು ಬಿದ್ದಿದ್ದವು, ಬೇರೆ ಕಾರಣವೇನೂ ಇರಲಿಲ್ಲ. ಬಹಳ ವರ್ಷ ಬಳಸದೆ ಕಪ್ಪಾಗಿದ್ದ ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿರುವಾಗ ಹಿತ್ತಾಳೆಯ ಆ ಹುಳಿಮಿಶ್ರಿತ ವಾಸನೆ ಕೈಗೆ ಅಂಟಿತು. ತಿರುಗಿಸಿ ನೋಡಿದರೆ ತಳದಲ್ಲಿ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಪುಟ್ಟದೊಂದು ಶಿಲುಬೆ. ಓದುಗ ಮಿತ್ರರೇ, ಎಪ್ಪತ್ತು ದಾಟಿದವನು ಒಂದು ಲೋಟವನ್ನು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕಾಲು ಗಂಟೆ ನಿಂತಿದ್ದನೆಂದರೆ ನೀವು ನಗಬಹುದು. ಒಳಗಿನಿಂದ ಅಕ್ಕ ಎರಡು ಸಲ ಕರೆದಳು. ಮೂರನೆಯ ಸಲ, ನೀರು ತರಲು ಬಳ್ಳಾರಿಗೆ ಹೋದೆಯೇನೋ ಎಂದು ಕೇಳಿದಳು.

ಅಕ್ಕನಿಗೆ ಈಗ ಎಂಬತ್ತರ ಆಚೆ. ಭಾವ ತೀರಿಕೊಂಡ ಮೇಲೆ ರಾಯದುರ್ಗದ ಈ ಮನೆಯಲ್ಲಿ ನನ್ನೊಡನೆಯೇ ಇದ್ದಾಳೆ. ನೆನಪು ಅಲ್ಲಲ್ಲಿ ಸವೆದಿದೆ. ದಿನವೂ ಊಟವಾದ ಮೇಲೆ ಮಂಚದ ಮೇಲೆ ಕುಳಿತು ಹಳೆಯದನ್ನು ಹೇಳುತ್ತಾಳೆ. ಒಂದು ವಾರದಿಂದ ಹೇಳುತ್ತಿರುವ ಸಂಗತಿಯಲ್ಲಿ ಒಂದು ತಾರೀಖು ತಪ್ಪಾಗಿದೆ. ಅದು ತಪ್ಪೆಂಬುದಕ್ಕೆ ನನ್ನ ಬಳಿ ಲಿಖಿತ ಆಧಾರವಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾರೀಖಿನ ಬಗ್ಗೆ ನನಗಿರುವ ಹಟವನ್ನು ಇಲ್ಲಿಯೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಶಾಸನಗಳ ತಿಥಿ, ವಾರ, ಸಂವತ್ಸರಗಳನ್ನು ಪಂಚಾಂಗದೊಡನೆ ತಾಳೆ ನೋಡುವುದರಲ್ಲಿ ನನ್ನ ಉದ್ಯೋಗಜೀವನವೆಲ್ಲ ಕಳೆಯಿತು. ನಮ್ಮ ಸೀಮೆಯ ರತ್ನಗಿರಿಯ ಕೋಟೆಯ ಒಂದು ಕಲ್ಲಿನಲ್ಲಿ ವಾರ ತಿಥಿಗೆ ಹೊಂದುವುದಿಲ್ಲವೆಂದು ಎರಡು ವರ್ಷ ನಿದ್ದೆ ಕೆಡಿಸಿಕೊಂಡವನು ನಾನು. ನೆಂಟರು ಮದುವೆಯ ಕರೆಯೋಲೆ ಕೊಡಲು ಬಂದರೆ ಹೆಣ್ಣು ಯಾರು ಗಂಡು ಯಾರು ಎಂದು ಕೇಳುವ ಮೊದಲೇ ಅದರಲ್ಲಿ ಅಚ್ಚಾದ ವಾರ ಸರಿಯಿದೆಯೇ ಎಂದು ನೋಡುತ್ತೇನೆ. ಹೀಗಾಗಿ ಈಚೆಗೆ ಕರೆಯೋಲೆಗಳನ್ನು ಅಕ್ಕನ ಕೈಗೆ ಕೊಟ್ಟು ಹೋಗುತ್ತಾರೆ. ಆದರೆ ಈ ಚಾಳಿ ಕಲ್ಲುಗಳಿಂದ ಬಂದದ್ದಲ್ಲ. ಅದಕ್ಕಿಂತ ಮೊದಲೇ ಇತ್ತು, ಮೊದಲೇ ಒಬ್ಬರನ್ನು ನೋಯಿಸಿತ್ತು. ಅದಕ್ಕೆ ಸಾಕ್ಷಿ ಈ ಲೋಟ.

ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನ ವರ್ಷದ ಬೇಸಗೆ. ಇದನ್ನು ನಾನು ನೆನಪಿನಿಂದ ಮಾತ್ರ ಹೇಳುತ್ತಿಲ್ಲ, ನಮ್ಮ ಕ್ರೈಸ್ತ ಸಭೆಯ ದಾಖಲೆ ಪುಸ್ತಕವನ್ನೂ ನನ್ನ ದಿನಚರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರ ಅನಂತಪುರ ಜಿಲ್ಲೆಯಲ್ಲಿ. ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ನಮ್ಮ ಸಭೆಗೆ ಸಭಾಪಾಲಕರು ಒಬ್ಬರೇ, ಅವರು ನೋಡಿಕೊಳ್ಳಬೇಕಾದ ಹಳ್ಳಿಗಳು ಹಲವು. ಸಾವಿನ ಮನೆಗೆ ಹೋಗಿ ಸಮಾಧಿಯ ಪ್ರಾರ್ಥನೆ ಮುಗಿಸಿ, ಮರುದಿನವೇ ಇನ್ನೊಂದು ಹಳ್ಳಿಗೆ ಎತ್ತಿನ ಬಂಡಿ ಏರಬೇಕಾಗಿತ್ತು. ಅಳುವವರು ಹಿಂದೆ ಉಳಿಯುತ್ತಿದ್ದರು. ಆದ್ದರಿಂದ ಸಭಿಕರಲ್ಲಿಯೇ ಕೆಲವರನ್ನು ಆರಿಸಿ ತರಬೇತಿ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಮನೆಯನ್ನು ಒಂದು ವರ್ಷದ ಮಟ್ಟಿಗೆ ಒಪ್ಪಿಸುವುದೆಂದು ಹಿರಿಯರು ತೀರ್ಮಾನಿಸಿದರು. ಅಂಥವರಿಗೆ ಸಂದರ್ಶಕರೆಂದು ಹೆಸರು. ಸಂಬಳವಿಲ್ಲ, ನಿಲುವಂಗಿಯಿಲ್ಲ, ಉಪದೇಶ ಮಾಡುವ ಅಧಿಕಾರವೂ ಇಲ್ಲ. ವಾರಕ್ಕೊಮ್ಮೆ ಹೋಗಿ ಕೂರುವುದು, ಕೇಳುವುದು, ಕೇಳಿದ್ದನ್ನು ಹೊರಗೆ ಆಡದಿರುವುದು.

ಕಲಿಸಿದವರು ಮಾರ್ಥಮ್ಮ. ಆಸ್ಪತ್ರೆಯಲ್ಲಿ ದಾದಿಯಾಗಿ ತಲೆ ನರೆಯಿಸಿಕೊಂಡು ಬಂದಿದ್ದ ಗಟ್ಟಿ ಹೆಂಗಸು. ಶನಿವಾರ ಮಧ್ಯಾಹ್ನ ಗುಡಿಯ, ಎಂದರೆ ನಮ್ಮ ಚರ್ಚಿನ, ಪಡಸಾಲೆಯಲ್ಲಿ ಚಾಪೆ ಹಾಸಿ ಆರು ಜನರನ್ನು ಕೂರಿಸುತ್ತಿದ್ದರು. ಪಾಠಪುಸ್ತಕವಿರಲಿಲ್ಲ, ಇದ್ದದ್ದು ಆರು ಲೋಟಗಳು. ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ತಮ್ಮ ಜೀವನದ ಒಂದು ದುಃಖವನ್ನು ಹೇಳಬೇಕು. ಕೇಳುವವರ ಕೈಯಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ. ಹೇಳುವವರ ಮಾತು ಮುಗಿದ ಮೇಲೆ ಆ ನೀರನ್ನು ಅವರಿಗೇ ಕುಡಿಯಲು ಕೊಡಬೇಕು. ನಡುವೆ ಬಾಯಿ ಹಾಕಿದರೆ, ಕೈ ಆಡಿಸಿದರೆ, ಎದ್ದು ಸಮಾಧಾನ ಮಾಡಲು ಹೋದರೆ ನೀರು ಚೆಲ್ಲುತ್ತದೆ.

"ನೀರು ಚೆಲ್ಲಿದ್ರ ಅವ್ರ ಕಣ್ಣು ನೀರಿನ ಕಡೆ ಹೋಗ್ತೈತ್ರಿ, ಕಥಿ ಅಲ್ಲಿಗೇ ನಿಂತ್ಹೋಗ್ತೈತಿ" ಎನ್ನುತ್ತಿದ್ದರು ಮಾರ್ಥಮ್ಮ. ಮೊದಲ ತಿಂಗಳು ದೇವರ ಚಿತ್ತವೆಂಬ ಮಾತು ಆಡಕೂಡದು. ಅವರು ಕೇಳದ ಹೊರತು ಸತ್ಯವೇದ ತೆರೆಯಕೂಡದು. ಅವರಿಗಿಂತ ಎತ್ತರದಲ್ಲಿ ಕೂರಕೂಡದು. ಕೊನೆಯ ನಿಯಮ ಇನ್ನೊಂದಿತ್ತು, ಅದನ್ನು ಹೇಳುವಾಗ ಅವರು ನನ್ನ ಕಡೆಗೇ ನೋಡಿದಂತೆ ನನಗೆ ಇಂದಿಗೂ ಅನಿಸುತ್ತದೆ.

"ದುಃಖದಾಗ ಇದ್ದೋರು ಊರ ಹೆಸರು ತಪ್ಪು ಹೇಳ್ತಾರ, ವಾರ ತಪ್ಪು ಹೇಳ್ತಾರ. ತಿದ್ದಬ್ಯಾಡ್ರಿ. ತಿದ್ದಾಕ ನೀವೇನು ಸಾಲಿ ಮಾಸ್ತರ್ರೇನ್ರಿ?"

ಎಲ್ಲರೂ ನಕ್ಕರು, ಏಕೆಂದರೆ ಆರು ಜನರಲ್ಲಿ ಶಾಲೆಯ ಮಾಸ್ತರ ನಾನೊಬ್ಬನೇ. ನಾನೂ ನಕ್ಕೆ. ನನ್ನ ಲೋಟದ ನೀರು ಚೆಲ್ಲಿತು.

ತರಬೇತಿ ಮುಗಿದ ಭಾನುವಾರ ಆರಾಧನೆಯ ನಡುವೆ ನಮ್ಮನ್ನು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ತಳದಲ್ಲಿ ಶಿಲುಬೆ ಹೊಡೆದ ಒಂದೊಂದು ಹಿತ್ತಾಳೆ ಲೋಟ ಕೊಟ್ಟರು. ಆಗ ನನಗೆ ಇಪ್ಪತ್ತೊಂದು. ಪ್ರಪಂಚದ ದುಃಖದಲ್ಲಿ ನನ್ನ ಪಾಲಿಗೆ ಬಂದ ಭಾಗವನ್ನು ಚೊಕ್ಕಟವಾಗಿ ಮುಗಿಸಿ ಒಪ್ಪಿಸುತ್ತೇನೆ ಎಂಬ ಹುರುಪಿನಲ್ಲಿದ್ದೆ.

ಜೂನ್ ತಿಂಗಳಲ್ಲಿ ಮಡಕಶಿರದ ಸಭೆಯ ಶಾಲೆಗೆ ವರ್ಗವಾಯಿತು. ರೈಲಿನಲ್ಲಿ ಬಳ್ಳಾರಿ, ಗುಂತಕಲ್ಲು ಸುತ್ತಿ ಹಿಂದೂಪುರದಲ್ಲಿ ಇಳಿದು, ಪೆಟ್ರೋಲಿಲ್ಲದ ಆ ಕಾಲದ ಇದ್ದಿಲಿನ ಬಸ್ಸು ಏರಿ, ಮೈತುಂಬ ಮಸಿಯಾಗಿ ಕೋಟೆಬೆಟ್ಟದ ಕೆಳಗೆ ಇಳಿದೆ. ಅಲ್ಲಿಯ ಸಭಾಪಾಲಕರು ನನ್ನ ಪೆಟ್ಟಿಗೆಯಲ್ಲಿದ್ದ ಲೋಟವನ್ನು ನೋಡಿ, ಹಾಗಾದರೆ ರಾಹೇಲಮ್ಮನ ಮನೆ ನಿಮ್ಮದು ಎಂದರು. ಹೆಚ್ಚು ಹೇಳಲಿಲ್ಲ. ಮಗ ದಂಡಿನಲ್ಲಿ ತೀರಿಕೊಂಡಿದ್ದಾನೆ, ಕೆಲವು ವಾರದ ಹಿಂದೆ ಸುದ್ದಿಯ ಕಾಗದ ಬಂದಿದೆ ಎಂದಷ್ಟೇ ತಿಳಿಸಿದರು.

ರಾಹೇಲಮ್ಮ ಕೋಟೆಯ ಬುಡದ ಕೇರಿಯಲ್ಲಿ ಒಂಟಿಯಾಗಿದ್ದ ವಿಧವೆ. ಮಂಡಿಯವರ ಕಡಲೆಕಾಯಿ ಸುಲಿದುಕೊಡುವುದು ಆಕೆಯ ಕೆಲಸ. ಮಾತನಾಡುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ಸಿಪ್ಪೆ ಪಟಪಟನೆ ಒಡೆಯುವ ಸದ್ದು ಆಕೆಯ ಮಾತಿಗೆ ಹಿಮ್ಮೇಳದಂತೆ ಇರುತ್ತಿತ್ತು. ಪಕ್ಕದ ಮನೆಯ ತಿಮ್ಮಕ್ಕ ರಾಗಿ ಬೆಳೆಯುವ ಮನೆತನದವಳು, ಸಭೆಗೆ ಸೇರಿದವಳಲ್ಲ. ನಾನು ಲೋಟ ಹಿಡಿದು ಬರುವುದನ್ನು ಎರಡು ವಾರ ನೋಡಿ ಮೂರನೆಯ ವಾರ ಗೋಡೆಯ ಮೇಲಿನಿಂದ ಇಣುಕಿದಳು.

"ಏನ್ ಮೇಷ್ಟ್ರೇ, ಸುಮ್ಕೆ ಕೂರಕ್ಕೂ ನಿಮ್ ಸಬೆಯಾಗೆ ಪರೀಕ್ಸೆ ಐತಂತೆ? ನಮ್ಮನೆಯೋನ್ನ ಕಳಿಸ್ತೀನಿ, ಒಂದೇ ಸಲಕ್ಕೆ ಪಾಸಾಯ್ತಾನೆ."

ರಾಹೇಲಮ್ಮ ನಕ್ಕಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ಅದಾದ ಮೇಲೆಯೇ ಆಕೆ ನನ್ನನ್ನು ಮಗನೆಂದು ಕರೆಯತೊಡಗಿದ್ದು, ಮಗನ ವಿಷಯವನ್ನು ಹೇಳತೊಡಗಿದ್ದು.

ಯೋಹಾನ ಆಕೆಯ ಒಬ್ಬನೇ ಮಗ. ತಾಯಿಯನ್ನು ಒಂದು ಮಾತು ಕೇಳದೆ ಹಿಂದೂಪುರಕ್ಕೆ ಹೋಗಿ, ಅಸ್ಸಾಮಿನ ಗಡಿಯಲ್ಲಿ ರಸ್ತೆ ಹಾಕುವ ದಂಡಿನ ದಳಕ್ಕೆ ಹೆಸರು ಕೊಟ್ಟು ಬಂದಿದ್ದ. ಹೊರಡುವ ಬೆಳಿಗ್ಗೆ ಆಕೆ ಬಾಗಿಲು ಮುಚ್ಚಿಕೊಂಡು ಒಳಗೆ ಕಡಲೆಕಾಯಿ ಸುಲಿಯುತ್ತ ಕುಳಿತುಬಿಟ್ಟಳು. ಅವನು ಹೊರಗೆ ನಿಂತು ಹೋಗಿ ಬರುತ್ತೇನೆಂದು ಮೂರು ಸಲ ಹೇಳಿದ. ಒಳಗಿನಿಂದ ಅವನಿಗೆ ಕೇಳಿಸಿದ್ದು ಸಿಪ್ಪೆ ಒಡೆಯುವ ಸದ್ದು ಮಾತ್ರ. ಹಲವು ತಿಂಗಳು ಅವನ ಕಾಗದಗಳಿಗೂ ಆಕೆ ಉತ್ತರ ಬರೆಸಲಿಲ್ಲ. ಕೊನೆಗೆ ಗರಿಗಳ ಭಾನುವಾರದ ಆರಾಧನೆಯಲ್ಲಿ, ಮಕ್ಕಳು ಈಚಲ ಗರಿ ಹಿಡಿದು ಹಾಡುತ್ತ ಗುಡಿ ಸುತ್ತುವುದನ್ನು ನೋಡುತ್ತಿದ್ದಾಗ ಎದೆ ಕರಗಿತು. ಈಸ್ಟರಿಗೆ ಒಂದು ವಾರ ಮುಂಚಿನ ಆ ದಿನಕ್ಕೆ ಆ ಕಡೆಯವರು ತೆಲುಗಿನ ಮಾತಿನಲ್ಲಿ ಮಟ್ಟಲ ಆದಿವಾರ ಎನ್ನುತ್ತಾರೆ. ಮರುದಿನ ಸೋಮವಾರ ಸಭಾಪಾಲಕರ ಕೈಯಲ್ಲಿ ಒಂದು ಕಾರ್ಡು ಬರೆಸಿದಳು. ಅದರಲ್ಲಿದ್ದದ್ದು ಎರಡೇ ಮಾತು: ಸಿಟ್ಟಿಲ್ಲ, ಬಾ. ಇನ್ನೂ ಜಾಗವಿದೆ, ಏನಾದರೂ ಬರೆಯಲೇ ಎಂದು ಅವರು ಕೇಳಿದರಂತೆ. ಸಾಕು ಎಂದಳಂತೆ.

ಪ್ರತಿ ವಾರವೂ ಕಥೆ ಇಲ್ಲಿಗೆ ಬಂದು ಇದೇ ಮಾತಿನಲ್ಲಿ ಮುಗಿಯುತ್ತಿತ್ತು.

"ಕಾರ್ಡು ಓಗಿ ಸೇರ್ತು ಕಣಪ್ಪ. ಓದ್ಕಂಡು ಜೇಬ್ನಾಗೆ ಮಡಿಕ್ಕಂಡ. ಜ್ವರ ಬಂದಿದ್ದು ಆಮ್ಯಾಕೆ. ಸಿಕ್ದೆ ಇದ್ರೆ ವಾಪಸ್ ಬರ್ತಿರ್ಲಿಲ್ವಾ?"

ಆಮೇಲೆ ಲೋಟ ಇಸಿದುಕೊಂಡು ನೀರು ಕುಡಿಯುತ್ತಿದ್ದಳು. ಮಗ ಕ್ಷಮೆಯನ್ನು ಓದಿ ಸತ್ತನೆಂಬ ಈ ಒಂದು ನಂಬಿಕೆಯ ಮೇಲೆ ಆಕೆಯ ಬದುಕು ನಿಂತಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಬರೆದು ಪಾರಾಗುವುದು ಸುಲಭ, ಆದರೆ ನನ್ನ ಆ ವರ್ಷದ ದಿನಚರಿಯಲ್ಲಿಯೇ ಆ ವಾಕ್ಯವಿದೆ.

ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು. ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕಾಲ. ಆ ಮಧ್ಯಾಹ್ನ ಆಕೆ ಕಥೆ ಮುಗಿಸಿ, ಎಂದಿನಂತೆ ಲೋಟಕ್ಕೆ ಕೈ ಚಾಚದೆ, ನಿಜ ತಾನೇ ಅಪ್ಪ ಎನ್ನುವಂತೆ ನನ್ನ ಮುಖ ನೋಡಿದಳು. ಆ ನೋಟಕ್ಕೆ ಒಂದು ಗಟ್ಟಿ ಉತ್ತರ ಕೊಡಬೇಕೆಂಬ ಆಸೆ ನನಗೆ ಹುಟ್ಟಿತು. ದಂಡಿನಿಂದ ಬಂದ ಕಾಗದ ಆಕೆಯ ಸತ್ಯವೇದದೊಳಗೆ ಇತ್ತು. ಅದು ಇಂಗ್ಲಿಷಿನಲ್ಲಿತ್ತು. ಸಭಾಪಾಲಕರು ಅದನ್ನು ಓದಿ, ಜ್ವರದಿಂದ ತೀರಿಕೊಂಡನೆಂದು ಮಾತ್ರ ತಿಳಿಸಿದ್ದರು. ಅದರಲ್ಲಿ ತಾರೀಖು ಇದ್ದೇ ಇರುತ್ತದೆ; ಅದು ಈಸ್ಟರ್ ಕಳೆದು ಎಷ್ಟೋ ದಿನದ್ದಾಗಿರುತ್ತದೆ; ಅದನ್ನು ಓದಿ ಹೇಳಿದರೆ ಆಕೆಯ ನಂಬಿಕೆಗೆ ಆಧಾರ ಸಿಕ್ಕಂತಾಗುತ್ತದೆ. ಹೀಗಿತ್ತು ನನ್ನ ಲೆಕ್ಕಾಚಾರ.

"ಅಮ್ಮ, ಆ ಕಾಗದ ಕೊಡಿ. ತಾರೀಖು ನೋಡಿ ಗಟ್ಟಿ ಮಾಡಿಬಿಡೋಣ" ಎಂದೆ.

ಆಕೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ತಂದುಕೊಟ್ಟಳು. ಬಂದು ಕುಳಿತು ಮತ್ತೆ ಸುಲಿಯತೊಡಗಿದಳು. ನಾನು ಎಡಗೈಯಲ್ಲಿ ಲೋಟ ಹಿಡಿದುಕೊಂಡೇ ಬಲಗೈಯಲ್ಲಿ ಕಾಗದ ಬಿಡಿಸಿದೆ. ಬೆರಳಿನ ಗೆಣ್ಣುಗಳ ಮೇಲೆ ಈಸ್ಟರಿನಿಂದ ಹಿಂದಕ್ಕೆ ದಿನಗಳನ್ನು ಎಣಿಸಿದೆ, ಶಾಲೆಯ ಕರಿಹಲಗೆಯ ಮುಂದೆ ನಿಂತು ಎಣಿಸುವಾಗಿನಂತೆ ಬಾಯಿಬಿಟ್ಟು ಎಣಿಸಿದೆ. ಉತ್ತರವೂ ಹಾಗೆಯೇ ಬಾಯಿಗೆ ಬಂದುಬಿಟ್ಟಿತು.

"ಇದು ಮಟ್ಟಲ ಆದಿವಾರಕ್ಕೆ ಮುಂಚಿನ ಗುರುವಾರ ಆಗುತ್ತೆ."

ಸಿಪ್ಪೆ ಒಡೆಯುವ ಸದ್ದು ನಿಂತಿತು. ನಾನು ಏನು ಹೇಳಿದೆನೆಂಬುದು ನನಗೆ ತಿಳಿದದ್ದು ಆ ಸದ್ದು ನಿಂತ ಮೇಲೆ. ಲೋಟ ವಾಲಿ, ಸುಲಿದ ಬೀಜದ ಮೊರದ ಮೇಲೆ ನೀರು ಹೋಯಿತು.

"ಅಂಗಾರೆ ನಾನು ಕಾರ್ಡು ಬರ್ಸೋ ಒತ್ಗೆ ಅವ್ನಿರ್ಲಿಲ್ಲ ಅನ್ನು" ಎಂದಳು ರಾಹೇಲಮ್ಮ. ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, "ಇರ್ಲಿ ಬಿಡಪ್ಪ, ಒರಸ್ತೀನಿ" ಎಂದಳು. ಒರೆಸಿದಳು. ಒದ್ದೆಯಾದ ಬೀಜಗಳನ್ನು ಬೇರೆ ಮಾಡಿ ಬಿಸಿಲಿಗೆ ಹರಡಿದಳು. ನಾನು ಖಾಲಿ ಲೋಟ ಹಿಡಿದುಕೊಂಡು ಕುಳಿತೇ ಇದ್ದೆ.

ಸಂದರ್ಶಕರಿಗೆ ಒಂದು ಕಟ್ಟಳೆಯಿತ್ತು. ಬಿಡುವು ಸಿಕ್ಕಾಗ ಕಲಿಸಿದವರ ಮುಂದೆ ಕುಳಿತು, ಮನೆಯ ಹೆಸರು ಹೇಳದೆ, ತಮ್ಮ ತಪ್ಪನ್ನು ಮಾತ್ರ ಹೇಳಬೇಕು. ಕ್ರಿಸ್ಮಸ್ ರಜೆಯಲ್ಲಿ ರಾಯದುರ್ಗಕ್ಕೆ ಬಂದವನು ಮಾರ್ಥಮ್ಮನವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಅವರ ಕೈಯಲ್ಲಿ ತುಂಬಿದ ಲೋಟವಿತ್ತು. ಒಂದು ಹನಿ ಅಲುಗಲಿಲ್ಲ. ನಾನು ಮುಗಿಸಿದ ಮೇಲೆ, ಚೆಲ್ಲಿದ ನೀರು ಒರೆಸಿದವರು ಯಾರು ಎಂದು ಮಾತ್ರ ಕೇಳಿದರು. ಆಕೆಯೇ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಇನ್ನು ಅಲ್ಲಿಗೆ ಹೋಗಲು ನನಗೆ ಮುಖವಿಲ್ಲ, ಬೇರೆಯವರನ್ನು ಗೊತ್ತುಮಾಡಿ ಎಂದು ಬೇಡಿಕೊಂಡೆ.

"ನಿನ್ನ ಮುಖ ಯಾರಿಗೆ ಬೇಕಾಗೈತೋ? ಒಂದು ವರ್ಸ ಅಂತ ಒಪ್ಪೀಯಲ್ಲ, ಹೋಗಿ ಕುಂದ್ರು" ಎಂದರು. ಲೋಟವನ್ನು ನನ್ನ ಕಡೆಗೆ ಚಾಚಿದರು. ಅರ್ಧವೂ ಕುಡಿಯಲಾಗಲಿಲ್ಲ.

ಹೋಗಿ ಕುಳಿತೆ. ರಾಹೇಲಮ್ಮ ಒಂದು ವಾರವೂ ನನ್ನನ್ನು ಬೇಡವೆನ್ನಲಿಲ್ಲ. ಮೊದಲಿನಂತೆಯೇ ಚಾಪೆ ಹಾಕುತ್ತಿದ್ದಳು. ಗುಡಿಬಂಡೆಯ ಕಡೆ ಮಳೆಯಾಯಿತಂತೆ, ತಿಮ್ಮಕ್ಕನ ಎಮ್ಮೆ ಕರು ಹಾಕಿತಂತೆ ಎಂದು ಹೇಳುತ್ತಿದ್ದಳು. ಯೋಹಾನನ ಹೆಸರು ಮತ್ತೆ ಆ ಮನೆಯಲ್ಲಿ ಕೇಳಲಿಲ್ಲ. ಸಭಾಪಾಲಕರೂ ನನ್ನನ್ನು ಏನೂ ಕೇಳಲಿಲ್ಲ. ಕಾರ್ಡು ಬರೆದವರು ಅವರೇ, ದಂಡಿನ ಕಾಗದ ಓದಿದವರೂ ಅವರೇ. ನನಗಿಂತ ಬಹಳ ಮೊದಲೇ ಅವರೂ ಎಣಿಸಿಯೇ ಇದ್ದರು ಎಂಬುದು ನನಗೆ ಹೊಳೆದದ್ದು ಎಷ್ಟೋ ತಡವಾಗಿ. ಎಣಿಸಿ ಸುಮ್ಮನಿದ್ದರು.

ವರ್ಷ ತುಂಬುತ್ತ ಬಂದಾಗ, ಬೇಸಗೆ ರಜೆಗೆ ಊರಿಗೆ ಹೊರಡುವ ಮೊದಲು ಕೊನೆಯ ಸಲ ಹೋದೆ. ಮತ್ತೆ ನನಗೆ ವರ್ಗವಾಗಿತ್ತು. ಬಾಗಿಲವರೆಗೆ ಬಂದವಳು ನಿಂತು ಹೇಳಿದಳು:

"ನಿನ್ ಮ್ಯಾಲೆ ಸಿಟ್ಟಿಲ್ಲ ಮಗಾ. ನೀನೇನು ಸುಳ್ಳು ಏಳ್ಲಿಲ್ಲ. ಆದ್ರೆ ಅವನ್ತಾವ ಮಾತಾಡಕ್ಕೆ ನಂಗೆ ಆ ಕಾರ್ಡೊಂದೇ ಇತ್ತು."

ನಾನು ಹೋಗಿ ಬರುತ್ತೇನೆಂದೆ. ಹೋಗಿ ಬಾ ಎಂದಳು. ಆ ಎರಡು ಮಾತನ್ನು ಆಡುವಾಗ ಆಕೆ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ನಾನು ಮತ್ತೆ ಹೋಗಲಿಲ್ಲ. ಮರುವರ್ಷ ಆಕೆ ತೀರಿಕೊಂಡ ಸುದ್ದಿ ಸಭಾಪಾಲಕರ ಕಾಗದದಲ್ಲಿ ಬಂತು.

ಮಿತ್ರರೇ, ಆಮೇಲೆ ನಾನು ಮಾಸ್ತರಿಕೆ ಬಿಟ್ಟು ಶಾಸನಗಳ ಕೆಲಸಕ್ಕೆ ಸೇರಿ ಜೀವಮಾನವಿಡೀ ದಾಖಲೆಗಳ ನಡುವೆ ಬದುಕಿದೆ. ತಾಮ್ರಪಟ ಸುಳ್ಳು ಹೇಳುವುದನ್ನು, ನಕಲುಗಾರನ ಕೈ ಜಾರುವುದನ್ನು, ವರದಿ ಬರೆದ ದಿನವೇ ಘಟನೆ ನಡೆದ ದಿನವಾಗಿಬಿಡುವುದನ್ನು ಸಾವಿರ ಕಡೆ ನೋಡಿದೆ. ಒಂದೇ ದಾಖಲೆಯನ್ನು ನಂಬಿ ತೀರ್ಪು ಕೊಡಬೇಡಿರೆಂದು ಕಿರಿಯರಿಗೆ ಬೋಧಿಸಿದೆ. ಆ ಮಧ್ಯಾಹ್ನ ನನ್ನ ಮುಂದೆ ಎರಡು ಸಾಕ್ಷ್ಯಗಳಿದ್ದವು. ಒಂದು, ಯೋಹಾನನನ್ನು ಕಂಡೇ ಇರದ ಯಾವನೋ ಗುಮಾಸ್ತ ಬೆರಳಚ್ಚು ಮಾಡಿದ ಹಾಳೆ. ಇನ್ನೊಂದು, ಕಾರ್ಡು ಹಿಂತಿರುಗಿ ಬರಲಿಲ್ಲ ಎಂಬ ತಾಯಿಯ ವಾದ. ಎರಡನೆಯದನ್ನು ನಾನು ಸಾಕ್ಷ್ಯವೆಂದು ಎಣಿಸಲೂ ಇಲ್ಲ. ನಿವೃತ್ತನಾದ ಮೇಲೆ ಹಳೆಯ ದಂಡಿನ ಕಡತಗಳಿಗಾಗಿ ಮೂರು ಕಡೆ ಬರೆದೆ. ಒಂದು ಕಡೆಯಿಂದ ಉತ್ತರವಿಲ್ಲ. ಎರಡು ಕಡೆಯಿಂದ, ಆ ಹೆಸರಿನವನ ದಾಖಲೆ ಸಿಕ್ಕಲಿಲ್ಲವೆಂದು ಬಂತು. ಸಿಕ್ಕಿದ್ದರೂ ಅದನ್ನು ಯಾರಿಗೆ ಓದಿ ಹೇಳುತ್ತಿದ್ದೆ?

ಇನ್ನು ಅಕ್ಕನ ತಾರೀಖಿನ ವಿಷಯ. ನಮ್ಮ ಅಮ್ಮ ತೀರಿಕೊಂಡದ್ದು ಇದೇ ಮನೆಯಲ್ಲಿ, ಒಂದು ಮಂಗಳವಾರದ ಬೆಳಿಗ್ಗೆ. ಅಕ್ಕ ಆಗ ಗುಂತಕಲ್ಲಿನಲ್ಲಿದ್ದಳು. ತಂತಿ ತಲುಪಿ, ರೈಲು ಹಿಡಿದು ಬರುವಷ್ಟರಲ್ಲಿ ಬುಧವಾರ ಸಂಜೆಯಾಗಿತ್ತು. ಸಮಾಧಿಯ ಮೇಲಿನ ಮಣ್ಣು ಕೂಡ ಒಣಗಿತ್ತು. ಹೊಸ್ತಿಲಿನಲ್ಲಿ ಕುಸಿದವಳನ್ನು ಎತ್ತಿ ಒಳಗೆ ತಂದವನು ನಾನು. ಇದೆಲ್ಲ ನನ್ನ ದಿನಚರಿಯಲ್ಲಿದೆ, ಸಭೆಯ ಪುಸ್ತಕಕ್ಕೂ ತಾಳೆಯಾಗುತ್ತದೆ. ಇಷ್ಟು ವರ್ಷ ಅಕ್ಕ ಆ ದಿನದ ಬಗ್ಗೆ ಬಾಯಿ ತೆರೆದವಳಲ್ಲ. ಈ ಒಂದು ವಾರದಿಂದ ಮಾತ್ರ, ಸವೆದ ಆ ನೆನಪಿನಲ್ಲಿ, ಅವಳು ಸೋಮವಾರವೇ ಬಂದುಬಿಟ್ಟಿದ್ದಾಳೆ.

ನಿನ್ನೆ ನಾನು ಉಜ್ಜಿದ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಕುರ್ಚಿ ಬಿಟ್ಟು, ಅವಳ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಅಕ್ಕ ಅದೇ ಕಥೆ ಎತ್ತಿದಳು. ಸೋಮವಾರ ಸಂಜೆ ಬಂದಳಂತೆ. ಅಮ್ಮ ಕಣ್ಣು ಬಿಟ್ಟು ಗುರುತು ಹಿಡಿದಳಂತೆ. ಚಮಚೆಯಿಂದ ಬೇಡವೆಂದು ಅಕ್ಕನ ಅಂಗೈಯಿಂದಲೇ ನೀರು ಕುಡಿದಳಂತೆ. ಅಷ್ಟು ಹೇಳಿ ಥಟ್ಟನೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಹೊಸದಲ್ಲ.

"ನೀನೂ ಅಲ್ಲೇ ಇದ್ದೆಲ್ಲೋ ತಮ್ಮಾ? ಅಮ್ಮನ ಹತ್ರ?"

ದಿನಚರಿ ಅವಳ ತಲೆಯ ಹಿಂದಿನ ಬೀರುವಿನಲ್ಲಿಯೇ ಇತ್ತು.

"ಇದ್ದೆ ಅಕ್ಕಾ" ಎಂದೆ. "ಹೇಳು."

ಹೇಳಿದಳು. ಅಮ್ಮನ ಕೈ ಹೇಗೆ ತಣ್ಣಗಿತ್ತು, ತಾನು ಯಾವ ಕೀರ್ತನೆ ಹಾಡಿದೆ, ಬೆಳಗಿನ ಬೆಳಕು ಯಾವ ಕಿಟಕಿಯಿಂದ ಬಂತು, ಎಲ್ಲವನ್ನೂ ಹೇಳಿದಳು. ಲೋಟದಿಂದ ಎರಡು ಹನಿ ನನ್ನ ಮಣಿಕಟ್ಟಿನ ಮೇಲೆ ಇಳಿದವು. ಅವಳು ಅತ್ತ ನೋಡಲಿಲ್ಲ. ಮುಗಿದ ಮೇಲೆ ಎರಡೂ ಕೈಯಿಂದ ಲೋಟ ಇಸಿದುಕೊಂಡು, ತಳದ ಶಿಲುಬೆ ನನಗೆ ಕಾಣುವಷ್ಟು ಎತ್ತಿ, ಪೂರ್ತಿ ಕುಡಿದಳು.